ಸೂರ್ಯ ತೋರಿಸುವ ವಿಮಾನ

ಸೂರ್ಯ ಈಗ ಎಲ್ಲಿದ್ದಾನೆ ಎಂದು ನೀವು ಯಾರಿಗಾದರೂ ಫೋನ್ ಮಾಡಿ ಕೇಳಿದ್ದೀರಾ?

ನಮಗೋಸ್ಕರ ಒಬ್ಬ ಹುಡುಗಿ ಕೇಳಿದಳು. ಹಾರುವ ವಿಮಾನದೊಳಗೆ, ಗೋಡೆಗೆ ತೂಗುಹಾಕಿದ ಫೋನ್ ಎತ್ತಿ, ಸೀದಾ ಪೈಲಟ್‌ನನ್ನೇ ಕೇಳಿದಳು. ಅವನು ಉತ್ತರವನ್ನೂ ಕೊಟ್ಟ. ಅದನ್ನು ಕೇಳಿ ನಾನು ಗಳಗಳನೆ ಅತ್ತುಬಿಟ್ಟೆ. (ಸಾಂಗ್ಲಿಯ ನಮ್ಮ ಕಾಲೇಜಿನ ಆಫೀಸಿನವರು ಇದನ್ನು ಖಂಡಿತ ನಂಬುವುದಿಲ್ಲ. ಅಲ್ಲಿ ಅಳಿಸುವುದು ನನ್ನ ಖಾತೆ.)

ಮೊದಲಿನಿಂದ ಹೇಳುತ್ತೇನೆ.

ಮಿರಜದ ಹತ್ತಿರದ ಆರಗದಲ್ಲಿ ನನ್ನ ಮಾವಶಿ ಇದ್ದಾರೆ. ನನ್ನ ಅವ್ವನ ತಂಗಿ. ಎಪ್ಪತ್ತಾರು ವರ್ಷ. ಊರೆಲ್ಲ ಅವರನ್ನು ಕರೆಯುವುದೇ 'ಒಪ್ಪತ್ತಿನ ಮಾವಶಿ' ಎಂದು. ದಿನಕ್ಕೆ ಒಂದೇ ಊಟ. ಅದೂ ಸೂರ್ಯ ಇರುವಾಗ, ತಾವೇ ಬೇಯಿಸಿದ್ದು. ಒಮ್ಮೆ ಕೂತರೆ ಮುಗಿಯುವವರೆಗೆ ಏಳುವುದಿಲ್ಲ. ನಡುವೆ ಎದ್ದರೆ ಆ ದಿನದ ಊಟ ಅಲ್ಲಿಗೆ ಮುಗಿಯಿತು. ನೀರು ಕುಡಿಯುವುದೂ ಆಗಲೇ. ಸೋಸಿ ಕಾಯಿಸಿದ ನೀರೇ ಆಗಬೇಕು. ನಮ್ಮ ಜೈನರ ಮನೆತನಗಳಲ್ಲಿ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. (ಇನ್ನೂ ಕಟ್ಟುನಿಟ್ಟಿನವರು ಸೂರ್ಯ ಮುಳುಗುವ ಎರಡು ಘಳಿಗೆ ಮೊದಲೇ ಕೈ ತೊಳೆಯುತ್ತಾರೆ.) ಗಂಡ ತೀರಿಕೊಂಡ ಮೇಲೆ ಹಿಡಿದ ನೇಮ ಇದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ.

ಸಾಯುವ ಮೊದಲು ಜಾರ್ಖಂಡದ ನಮ್ಮ ತೀರ್ಥ, ಶಿಖರ್ಜಿ ಬೆಟ್ಟ ನೋಡಬೇಕು ಎಂಬುದು ಅವರ ಆಸೆ. ಕರೆದುಕೊಂಡು ಹೋದೆ. ಹೋಗುವಾಗ ರೈಲು. ರೈಲಿನಲ್ಲಿ ಮಾವಶಿಯ ಮಂಡಿ ಪೂರಿಯಂತೆ ಉಬ್ಬಿತು. ಬರುವಾಗ ವಿಮಾನವೇ ಆಗಬೇಕೆಂದು ಅಲ್ಲಿಂದಲೇ ನಮ್ಮ ಸುನೀಲನಿಗೆ ಫೋನ್ ಮಾಡಿದೆ.

ಮಿರಜ ಸ್ಟೇಶನ್ ಎದುರು ಸುನೀಲನ ಅಂಗಡಿ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು. ಆಮೇಲೆ ಜೆರಾಕ್ಸ್ ಬಂತು. ಆಮೇಲೆ ಕಂಪ್ಯೂಟರ್ ಬಂತು. ಈಗ ಗಾಜಿನ ಬಾಗಿಲ ಮೇಲೆ ವಿಮಾನದ ಚಿತ್ರ ಹಾರುತ್ತಿದೆ. ದೇಶ ತನ್ನ ಬಾಗಿಲು ತೆರೆದ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿದ್ದು ಕಡಿಮೆ, ಆ ಅಂಗಡಿಯ ಬೋರ್ಡಿನಲ್ಲಿ ಓದಿದ್ದೇ ಹೆಚ್ಚು.

"ಕಾಕೂ, ಒಂದು ಹೊಸಾ ಕಂಪನಿ ಐತಿ. ಸ್ವಸ್ತ ಐತಿ, ರೊಕ್ಕಾ ಕಮ್ಮಿ. ಕಲಕತ್ತಾದಿಂದ ಸೀದಾ ಪುಣೆ. ಆದ್ರ ಚಾ ಸುದ್ದಾ ರೊಕ್ಕಾ ಕೊಟ್ಟ ಕುಡೀಬೇಕ ನೋಡ್ರಿ" ಅಂದ.

ನೀರೂ ಮುಟ್ಟದ ಮಾವಶಿಗೆ ಚಹಾದ ಚಿಂತೆ ಯಾಕೆ? ಬುಕ್ ಮಾಡಪ್ಪಾ ಅಂದೆ.

ಕೋಲ್ಕತ್ತದಿಂದ ಹನ್ನೊಂದೂವರೆಗೆ ಹೊರಡುವ ವಿಮಾನ. ಎರಡು ಗಂಟೆಗೆಲ್ಲ ಪುಣೆ. ಅಲ್ಲಿ ನನ್ನ ತಂಗಿಯ ಮನೆಯಲ್ಲಿ ಮಾವಶಿ ತಾವೇ ಒಲೆ ಹಚ್ಚಿ ಉಣ್ಣುವುದು ಎಂದು ನಿಶ್ಚಯವಾಗಿತ್ತು. ತಡವಾದರೆ ಇರಲಿ ಎಂದು ಬೆಳಿಗ್ಗೆ ಕೋಲ್ಕತ್ತದ ಧರ್ಮಶಾಲೆಯಲ್ಲಿ ನಾಲ್ಕು ಚಪಾತಿ, ಒಂದಿಷ್ಟು ಹೆಸರುಬೇಳೆ ಮಾಡಿ ಸ್ಟೀಲಿನ ಡಬ್ಬಿಗೆ ಹಾಕಿಕೊಂಡಿದ್ದರು. ಜೊತೆಗೆ ಒಂದು ತಂಬಿಗೆಯಷ್ಟು ಸೋಸಿ ಕಾಯಿಸಿದ ನೀರು.

ಇಲ್ಲಿ ನನ್ನ ಘನಕಾರ್ಯ ಶುರುವಾಗುತ್ತದೆ.

ಕೌಂಟರಿನಲ್ಲಿ ಕೈಚೀಲ ತೂಗಿದರು. ಜಾಸ್ತಿಯಾಯಿತು. ಏನಾದರೂ ತೆಗೆದು ಸೂಟ್‌ಕೇಸಿಗೆ ಹಾಕಿ ಅಂದರು. ಚೀಲದಲ್ಲಿ ಇದ್ದದ್ದು ಪೂಜೆಯ ಪುಸ್ತಕಗಳು, ಶಿಖರ್ಜಿಯ ಅಕ್ಷತೆ, ಊಟದ ಡಬ್ಬಿ, ನೀರು. ಯಾರಾದರೂ ಪುಸ್ತಕ ತೆಗೆಯುತ್ತಿದ್ದರು. ನಾನು ತೆಗೆಯಲಿಲ್ಲ. ಊರ ಮಂದಿಯ ಚಪ್ಪಲಿ, ಚರ್ಮದ ಬ್ಯಾಗುಗಳ ನಡುವೆ ದೇವರ ಪುಸ್ತಕ ಹೋಗುವುದೇ? ಛೆ! ಡಬ್ಬಿಯನ್ನೂ ನೀರನ್ನೂ ಸೂಟ್‌ಕೇಸಿಗೆ ತುರುಕಿ ಕಳಿಸಿಬಿಟ್ಟೆ. ಮಾವಶಿಯನ್ನು ಒಂದು ಮಾತು ಕೇಳಲಿಲ್ಲ.

ಉತ್ತರದಲ್ಲೆಲ್ಲೋ ಮಂಜು. ಅಲ್ಲಿಂದ ಬರಬೇಕಾದ ನಮ್ಮ ವಿಮಾನ ಹೊರಟೇ ಇರಲಿಲ್ಲ. ಹನ್ನೊಂದೂವರೆ ಹೋಗಿ ಒಂದು ಗಂಟೆಯಾಯಿತು. ಒಂದು ಹೋಗಿ ಮೂರಾಯಿತು. ಆಮೇಲೆ ಬೋರ್ಡಿನಲ್ಲಿ ನಾಲ್ಕು ಎಂದು ಬಂತು.

ಪೂರ್ವ ದೇಶದ ಚಳಿಗಾಲ ನಿಮಗೆ ಗೊತ್ತೇ? ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮಾವಶಿ ಹಿಂದಿನ ದಿನ ಮಧ್ಯಾಹ್ನ ಉಂಡವರು. ಅದರ ಹಿಂದಿನ ದಿನ ಬೆಟ್ಟ ಹತ್ತಿ ಇಳಿದವರು, ಅರ್ಧ ಡೋಲಿಯಲ್ಲಿ, ಅರ್ಧ ಹಟದಲ್ಲಿ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಇವತ್ತು ತಪ್ಪಿದರೆ ಮತ್ತೆ ನಾಳೆಯೇ. ಅಷ್ಟು ಹೊತ್ತು ಈ ಜೀವ ತಡೆಯುತ್ತದೆಯೇ?

"ಮಾವಶಿ, ಹಣ್ಣರ ತಗೋರಿ. ಬಾಳೆಹಣ್ಣ ತರತೇನಿ."

"ನೀರ ಎಲ್ಲೈತಿ? ನನ್ನ ನೀರಿಲ್ಲದ ಹೆಂಗ ಕುಂದರ್ಲಿ ಊಟಕ್ಕ? ಸುಮ್ಮ ಇರವಾ. ದೇವರ ಪುಸ್ತಕ ಕೈಯಾಗ ಅದಾವಲ್ಲ, ಸಾಕ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಜಗಳಕ್ಕೆ ಸೆರಗು ಬಿಗಿದು ಗೇಟಿನ ಬಳಿ ಹೋದೆ. ಅಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಅವಳು ಏನು ಹೇಳುತ್ತಾಳೆಂದು ನನಗೆ ಮೊದಲೇ ಗೊತ್ತಿತ್ತು. ರೂಲ್ಸ್ ಇಲ್ಲ ಮೇಡಂ. ನನ್ನ ಕೈಯಲ್ಲಿಲ್ಲ ಮೇಡಂ. ಮ್ಯಾನೇಜರ್ ಇಲ್ಲ ಮೇಡಂ. ಗೊತ್ತಿರದೆ ಏನು? ಇವೇ ಮೂರು ವಾಕ್ಯಗಳಲ್ಲಿ ನಾನು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ನೌಕರಿ ಮಾಡಿದ್ದೇನೆ.

ನನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವಳು ಎರಡೇ ಪ್ರಶ್ನೆ ಕೇಳಿದಳು. "ಅಮ್ಮ ನೀರು ಕುಡಿದು ಎಷ್ಟು ಹೊತ್ತಾಯಿತು? ಸೂಟ್‌ಕೇಸಿನ ಬಣ್ಣ ಯಾವುದು?"

ಆಮೇಲೆ ವಾಕಿಟಾಕಿಯಲ್ಲಿ ಮಾತಾಡಿದಳು. ಮಾತಾಡಿ, ಮಾವಶಿಯ ಬಳಿ ಬಂದು ನೆಲದ ಮೇಲೆ ಮಂಡಿಯೂರಿ ಕೂತು, ಅವರ ಕೈ ಹಿಡಿದುಕೊಂಡಳು. ನಾನು ನೋಡುತ್ತಲೇ ಇದ್ದೆ. ಯಾರ ಅಪ್ಪಣೆಯನ್ನೂ ಅವಳು ಕೇಳಲಿಲ್ಲ!

ಮುಕ್ಕಾಲು ಗಂಟೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಏದುಸಿರು ಬಿಡುತ್ತ ಬಂದರು. ಲಗೇಜು ಏರಿಸುವ ವಿಭಾಗದವರು. ರಾಶಿಯಲ್ಲಿ ನಮ್ಮ ಹಸಿರು ಸೂಟ್‌ಕೇಸ್ ಹುಡುಕಿ, ಮತ್ತೊಮ್ಮೆ ತಪಾಸಣೆ ಮಾಡಿಸಿ, ಹೊತ್ತು ತಂದಿದ್ದರು. ಡಬ್ಬಿ ಸಿಕ್ಕಿತು. ನೀರು ಸಿಕ್ಕಿತು. ನಾನು ಕೈ ಮುಗಿದೆ. ಅವರು ನಾಚಿಕೊಂಡು ಸೂಟ್‌ಕೇಸ್ ಎತ್ತಿಕೊಂಡು ಹೊರಟೇಹೋದರು.

ಅಷ್ಟರಲ್ಲಿ ವಿಮಾನ ಹತ್ತಲು ಕರೆದರು. ಊಟಕ್ಕೆ ಕೂತವರು ಅರ್ಧಕ್ಕೆ ಏಳುವಂತಿಲ್ಲವಲ್ಲ.

"ಒಳಗ ಕುಂತ ಉಣತೇನಿ ತಗೋ" ಅಂದರು ಮಾವಶಿ. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

ಒಳಗೆ ಕೂತೆವು. ಕಿಟಕಿಗೆ ಒಬ್ಬ ಯುವಕ, ನಡುವೆ ಮಾವಶಿ, ಈಚೆ ನಾನು. ಬೆಲ್ಟ್ ಕಟ್ಟಿ, ಮುಂದಿನ ಹಲಗೆ ಮಡಚಿ ಅಂದರು. ಹಲಗೆ ಇಲ್ಲದೆ ಡಬ್ಬಿ ಇಡುವುದೆಲ್ಲಿ? ಸರಿ, ಹಾರಿದ ಮೇಲೆ ಉಂಡರಾಯಿತು. ಆದರೆ ಹಾರಬೇಕಲ್ಲ! ವಿಮಾನಗಳ ಸಾಲೇ ಸಾಲು ನಿಂತಿತ್ತು. ನಾಲ್ಕೂವರೆ ದಾಟಿತು. ಕಿಟಕಿಯಾಚೆ ಮಂಜು ಮಂಜು. ಕೆಂಪಗಿದ್ದ ಸೂರ್ಯ ಕಟ್ಟಡದ ಹಿಂದೆ ಹೋದವನು ಮತ್ತೆ ಕಾಣಲಿಲ್ಲ.

ಮಾವಶಿ ಡಬ್ಬಿಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟರು.

"ಆತು ಬಿಡ. ಇವತ್ತಿಂದು ಮುಗೀತು."

ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಹಾರಿದೆವು. ಬೆಲ್ಟಿನ ದೀಪ ಆರಿತೋ ಇಲ್ಲವೋ, ಗಗನಸಖಿ ನಮ್ಮ ಸಾಲಿಗೇ ಬಂದಳು. ಗೇಟಿನ ಹುಡುಗಿ ಇವಳಿಗೆ ಎಲ್ಲ ಹೇಳಿ ಕಳಿಸಿದ್ದಳು. "ಅಮ್ಮ ಇನ್ನೂ ಊಟ ಮಾಡಿಲ್ಲವೇ?"

"ಸೂರ್ಯ ಹೋದ" ಅಂದೆ.

"ಒಂದು ನಿಮಿಷ ಇರಿ, ಕೇಳುತ್ತೇನೆ" ಎಂದು ಮುಂದೆ ಹೋಗಿ ಫೋನ್ ಎತ್ತಿದಳು. ನಾನು ಮೊದಲಿಗೆ ಹೇಳಿದ್ದು ಈ ಫೋನನ್ನೇ.

ಸ್ವಲ್ಪ ಹೊತ್ತಿಗೆ ಮೇಲಿನ ಸ್ಪೀಕರಿನಲ್ಲಿ ಗಂಡಸಿನ ದನಿ, ಹಿಂದಿಯಲ್ಲಿ. "ನಾನು ಕ್ಯಾಪ್ಟನ್ ಮಾತಾಡುತ್ತಿದ್ದೇನೆ. ಇದು ಒಬ್ಬ ಮಾತಾಜಿಗಾಗಿ ಮಾತ್ರ, ಉಳಿದವರು ಕ್ಷಮಿಸಿ. ಮಾತಾಜಿ, ಸೂರ್ಯ ಮುಳುಗಿಲ್ಲ. ಮಂಜಿನಲ್ಲಿ ಅಡಗಿದ್ದ. ಈಗ ನನ್ನ ಕಣ್ಣೆದುರಿಗೇ ಇದ್ದಾನೆ. ನಾವು ಅವನ ಕಡೆಗೇ ಹೋಗುತ್ತಿದ್ದೇವೆ, ಹಾಗಾಗಿ ಇವತ್ತು ಅವನು ಸ್ವಲ್ಪ ತಡವಾಗಿ ಮುಳುಗುತ್ತಾನೆ. ಇನ್ನೂ ಅರ್ಧ ಗಂಟೆಯಂತೂ ಇದೆ. ನೀವು ಊಟ ಮಾಡಿ. ಹತ್ತು ನಿಮಿಷ ಉಳಿದಾಗ ನಾನೇ ಹೇಳುತ್ತೇನೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾವಶಿ ಅಷ್ಟು ಸುಲಭಕ್ಕೆ ಒಪ್ಪುವವರೇ?

"ಅಂವಗ ಕಂಡ್ರ ನನಗ ಹೆಂಗ ನಡೀತೈತಿ?"

ಆ ಕ್ಷಣಕ್ಕೇ ವಿಮಾನ ಸ್ವಲ್ಪ ವಾಲಿ ತಿರುಗಿತು. ಕಿಟಕಿಯಿಂದ ಓರೆಯಾಗಿ ಬಿಸಿಲು ಬಂದು ಮಾವಶಿಯ ಮಡಿಲಲ್ಲಿ ಬಿತ್ತು. ಹೊಂಬಿಸಿಲು. ಕಿಟಕಿಯ ಯುವಕ ತನ್ನ ಮೈಯನ್ನು ಹಿಂದಕ್ಕೊತ್ತಿ ಬೆಳಕಿಗೆ ದಾರಿ ಬಿಟ್ಟ. ಮಾವಶಿ ಬಲ ಅಂಗೈ ಬಿಸಿಲಿಗೆ ಹಿಡಿದು ನೋಡಿದರು. ಆರಗದ ಮನೆಯಲ್ಲೂ ಮೋಡ ಕವಿದ ದಿನ ಅವರು ನೋಡುವುದು ಹೀಗೇ, ಅಂಗೈ ಗೆರೆ ಕಂಡರೆ ಇನ್ನೂ ಹಗಲಿದೆ ಎಂದು.

"ಗೆರಿ ಕಾಣತಾವ" ಅಂದರು. "ತಗೀ ಡಬ್ಬಿ."

ಆಗ ಅತ್ತುಬಿಟ್ಟೆ ನೋಡಿ. ಮಾವಶಿ ಕೈ ಮುಗಿದು, ಮೊದಲು ಒಂದು ಗುಟುಕು ನೀರು ಕುಡಿದರು. ಆ ನೀರು ಗಂಟಲಲ್ಲಿ ಇಳಿಯುವುದು ನನಗೆ ಕಾಣುತ್ತಿತ್ತು. ಸುತ್ತಲಿನ ನಾಲ್ಕು ಸಾಲಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಎಂಥ ನೋಟ ಅದು! ಒಬ್ಬ ಮುದುಕಿ ತಣ್ಣಗಿನ ಚಪಾತಿ ತಿನ್ನುತ್ತಿದ್ದಾಳೆ, ಮುಖ ಕಾಣದ ಒಬ್ಬ ಅವಳಿಗಾಗಿ ಸೂರ್ಯನನ್ನು ಕಾಯುತ್ತ ಕೂತಿದ್ದಾನೆ.

"ಮಾತಾಜಿ, ಇನ್ನು ಹತ್ತು ನಿಮಿಷ" ಎಂದಿತು ಸ್ಪೀಕರ್. ಅಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಯಾರೋ ಚಪ್ಪಾಳೆ ತಟ್ಟಿದರು.

ಗಗನಸಖಿ ಕೈ ತೊಳೆಯಲು ಪಾತ್ರೆ ಹಿಡಿದಳು. ಮಾವಶಿ ಅವಳ ಗದ್ದ ಮುಟ್ಟಿ, ಮರಾಠಿಯಾದರೆ ತಿಳಿದೀತೆಂದು, "ಜೇವಲೀಸ ಕಾ ಬಾಳಾ?" ಅಂದರು. ಉಂಡೆಯೇನವಾ ಮಗಳೇ ಎಂದು. ಹುಡುಗಿಗೆ ಅದು ಹೇಗೋ ತಿಳಿಯಿತು.

"ಆಯಿತಮ್ಮಾ. ನಮ್ಮೆಲ್ಲರ ಊಟ ಆಯಿತೇ ಎಂದು ಕೇಳದೆ ಕ್ಯಾಪ್ಟನ್ ವಿಮಾನ ಶುರುವೇ ಮಾಡುವುದಿಲ್ಲ. ನಮ್ಮ ಕಂಪನಿಯಲ್ಲಿ ಎಲ್ಲ ಕ್ಯಾಪ್ಟನ್‌ಗಳೂ ಹಾಗೇ" ಅಂದಳು.

ನನಗೆ ಸುಮ್ಮನಿರಲಾಗಲಿಲ್ಲ. "ಇದಕ್ಕೆಲ್ಲ ನೀವು ಮೇಲಿನವರ ಅಪ್ಪಣೆ ಕೇಳಬೇಕಲ್ಲವೇ? ತಪ್ಪಾದರೆ?"

ಅವಳು ನಕ್ಕಳು. "ಸಹಾಯ ಮಾಡಿ ತಪ್ಪಾದರೆ ನಮಗೆ ಯಾರೂ ಬೈಯುವುದಿಲ್ಲ ಮೇಡಂ. ಎದುರಿಗೆ ಕಷ್ಟ ಇದ್ದು ಸುಮ್ಮನೆ ನಿಂತಿದ್ದರೆ ಬೈಯುತ್ತಾರೆ."

ಇಷ್ಟೇ. ಸುರಕ್ಷತೆಯ ನಿಯಮ ಒಂದೂ ಮುರಿಯಲಿಲ್ಲ, ಹಲಗೆ ಮಡಚಬೇಕಾದಾಗ ಮಡಚಿಸಿದರು. ಉಳಿದದ್ದನ್ನೆಲ್ಲ ಎದುರಿಗಿದ್ದವರು ತಾವೇ ತೀರ್ಮಾನಿಸಿದರು. ಗೇಟಿನ ಹುಡುಗಿ, ಲಗೇಜಿನವರು, ಗಗನಸಖಿ, ಕ್ಯಾಪ್ಟನ್. ಒಬ್ಬರೂ 'ಆ ಟೇಬಲ್ಲಿಗೆ ಹೋಗಿ' ಎಂದು ಕೈ ತೋರಿಸಲಿಲ್ಲ. ಇಂಥ ಕಂಪನಿ ಬೆಳೆಯದೆ ಇನ್ಯಾವುದು ಬೆಳೆಯಬೇಕು? (ಹೆಸರು ಮಾತ್ರ ಕೇಳಬೇಡಿ. ಜಾಹೀರಾತು ಅಂದುಬಿಟ್ಟೀರಿ.)

ಬೆಳೆಯುವುದು ಹೇಗೆಂದು ನಮ್ಮ ಕಡೆಯೇ ನೋಡಿದೆ. ಮಾವಶಿ ಆರಗದ ಬಸದಿಯಲ್ಲಿ ಈ ಕಥೆ ಹೇಳಿದರು. ಒಮ್ಮೆ ಅಲ್ಲ, ದಿನಾ. ಮೊನ್ನೆ ಮಿರಜದ ಸ್ಟೇಶನ್ ರಸ್ತೆಯಲ್ಲಿ ಸುನೀಲ ನನ್ನನ್ನು ತಡೆದು ನಿಲ್ಲಿಸಿದ.

"ಕಾಕೂ, ಏನ ಮಾಡಿಟ್ಟೀರಿ ನೀವು? ಅಜ್ಜಿಗೋಳೆಲ್ಲಾ ಬಂದು 'ಸೂರ್ಯಾ ತೋರ್ಸೂ ವಿಮಾನದ್ದ ಟಿಕೀಟ ಕೊಡಪಾ' ಅಂತಾರ. ಬ್ಯಾರೇ ಕಂಪನಿದು ಇದಕ್ಕಿಂತ ಸ್ವಸ್ತ ಐತ್ರಿ ಅಂದ್ರೂ ಒಲ್ಲೆ ಅಂತಾರ. ಶಿಖರ್ಜಿಗೆ ಒಂದು ಬಸ್ಸಿನಷ್ಟ ಮಂದಿ ರೆಡಿ ಆಗ್ಯಾರ! ಮೊದಲ ಈ ಕಂಪನಿ ಹೆಸರ ಹೇಳಿದ್ರ ಯಾರೂ ಮಾರಿ ನೋಡ್ತಿದ್ದಿಲ್ಲ."

ನಕ್ಕೆ. ಆದರೆ ಮನೆ ಮುಟ್ಟುವವರೆಗೂ ಆ ನಗು ಉಳಿಯಲಿಲ್ಲ. ನೆನಪಾದದ್ದು ಹರಿಪುರದ ಒಬ್ಬ ಹುಡುಗಿ. ಕೃಷ್ಣೆ ಉಕ್ಕಿದ ವರ್ಷ, ನೀರು ದಾಟಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಮ್ಮ ಆಫೀಸಿಗೆ ಬಂದಿದ್ದಳು. ಬೋನಾಫೈಡ್ ಸರ್ಟಿಫಿಕೇಟ್ ಬೇಕಿತ್ತು, ಅವತ್ತೇ ಕೊನೆಯ ದಿನ. ಊಟದ ಹೊತ್ತು. ಕಿಟಕಿಯ ಸಂದಿಯಿಂದ ಕರೆದಳು. ನಾನು ಒಳಗೆ ರೊಟ್ಟಿ ಮುರಿಯುತ್ತ, "ಎರಡಕ್ಕ ಕಿಟಕಿ ತಗೀತೈತಿ" ಅಂದೆ. ಎರಡಕ್ಕೆ ನೋಡಿದರೆ ಅವಳಿರಲಿಲ್ಲ. ಅವಳ ಬಸ್ಸು ಒಂದೂಮುಕ್ಕಾಲಿಗೆ ಇತ್ತಂತೆ. ಮತ್ತೆ ಬರಲೇ ಇಲ್ಲ. ಅವಳಿಗೆ ಏನು ತಪ್ಪಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಬಸ್ಸಿನ ಸುದ್ದಿ ನನಗೆ ಹೇಳಿದ್ದು ನಮ್ಮ ಆಫೀಸಿನ ಶಿಪಾಯಿ ಬಾಬುರಾವ. ಮಾಧವನಗರದವರು, ಅಲ್ಲಿಯ ಬಟ್ಟೆ ಮಿಲ್ಲು ನಿಂತ ಮೇಲೆ ನಮ್ಮಲ್ಲಿ ಸೇರಿದವರು. ನಾವೆಲ್ಲ ಒಳಗೆ ಉಣ್ಣುವಾಗ ಕಿಟಕಿ ಮುಚ್ಚಿ, ಅದರ ಮುಂದೆ ನಿಂತು, ಬಂದವರನ್ನು ತಡೆಯುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ನಿಂತಿದ್ದಾರೆ. ಎರಡಕ್ಕೆ ಕಿಟಕಿ ತೆರೆದರೆ ಆಮೇಲೆ ಐದರವರೆಗೆ ಅವರಿಗೆ ಬಿಡುವಿಲ್ಲ. ಹಾಗಾದರೆ ಅವರು ಉಣ್ಣುವುದು ಯಾವಾಗ?

ನಿನ್ನೆ ಊಟದ ಡಬ್ಬಿ ಬಿಚ್ಚಿದವಳು ಮುಚ್ಚಿ, ಹೊರಗೆ ಹೋದೆ. ಬಾಬುರಾವ ಕಿಟಕಿಯ ಮುಂದೆ ಎಂದಿನ ಹಾಗೆ ನಿಂತಿದ್ದರು.

"ಬಾಬುರಾವ, ನಿಮ್ಮ ಊಟ ಆತೇನ್ರಿ?"

ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ಮಾತು. ಅವರ ಮುಖ ಬಿಳಿಚಿಕೊಂಡಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನ್ನಿಂದ ಏನ ತಪ್ಪಾತ್ರಿ, ಅಕ್ಕಾರ?"