ಅಣ್ಣನ ರಿಮೋಟು

ಅಣ್ಣನ ಮನೆಯ ಅಟ್ಟದಿಂದ ನಮ್ಮ ಹಳೆಯ ವಿಡಿಯೋ ಗೇಮಿನ ರಿಮೋಟು ಇಂದು ಕೆಳಗಿಳಿಯಿತು. ಹಿಡಿದ ಕೂಡಲೇ ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ಅಡುಗೆಮನೆ ನೆನಪಾಯಿತು.

ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ, ಅಣ್ಣ ಟಿವಿ ಮುಂದೆ ಆಡುತ್ತಿದ್ದ. ಕಷ್ಟದ ಘಟ್ಟ ಬಂದಾಗ ಮಾತ್ರ, "ಲೇ ಶಾಂತಾ, ಇದೊಂದು ದಾಟ್ಸಿ ಕೊಡು ಬಾ!" ಎಂದು ಕೂಗುತ್ತಿದ್ದ. ಹಿಟ್ಟಿನ ಕೈ ತೊಳೆಯಲೂ ಬಿಡುತ್ತಿರಲಿಲ್ಲ. ದಾಟಿಸಿದೊಡನೆ ರಿಮೋಟು ಕಸಿದುಕೊಳ್ಳುತ್ತಿದ್ದ. ಕಾಲುವೆಯ ಗೇಟು ತಿರುವಿ ಬಂದ ಅಪ್ಪ ಅವನ ಬೆನ್ನು ತಟ್ಟಿ, ನನಗೆ, "ರೊಟ್ಟಿ ಹೊತ್ತಾಕತ್ತೈತಿ, ನಿನಗ್ಯಾಕವ್ವಾ ಈ ಆಟ?" ಎನ್ನುತ್ತಿದ್ದರು.

ಇಂದು ಅಣ್ಣ ತನ್ನ ಮಗನಿಗೆ ಹೇಳಿದ: "ನಾ ಹಾರ್ಡ್‌ಕೋರ್ ಗೇಮರ್ ಇದ್ದೆ ನೋಡಪಾ. ನಿಮ್ಮತ್ತಿ ಸುಮ್ನ ಟೈಂಪಾಸಿಗೆ ಆಡ್ತಿದ್ಳು."

ಆ ರಿಮೋಟಿನ ಗುಂಡಿಗಳ ಸಂದಿನಲ್ಲಿ ಜೋಳದ ಹಿಟ್ಟು ಇನ್ನೂ ಗಟ್ಟಿಯಾಗಿ ಕೂತಿದೆ. ಅಣ್ಣ ಜನ್ಮದಲ್ಲಿ ಹಿಟ್ಟು ಮುಟ್ಟಿದವನಲ್ಲ.