ಹೆಂಚಿನ ಮೇಲೆ ಎಸೆದ ಹಲ್ಲು

ಮೊನ್ನೆ ತಂಗಿಯ ಮಗ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಕಳಚಿಕೊಂಡ. ಅದನ್ನೆತ್ತಿ ಲೋಟದ ಹಾಲಿಗೆ ಹಾಕಿದೆ. ಹಾಲು ನಿಧಾನವಾಗಿ ಕೆಂಪಾಯಿತು. ಲೋಟ ಹಿಡಿದು ಆಟೋದಲ್ಲಿ ಕೂತಾಗ ಕೊಯಮತ್ತೂರಿನ ಹತ್ತಿರದ ಅವಿನಾಶಿ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದರು...

ಎಂಬತ್ತರ ದಶಕದ ಮಾತು. ಅತ್ತೆ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು. ಅವರ ಹಲ್ಲುಗಳು ಕಂದು ಬಣ್ಣ, ಮೇಲೆಲ್ಲ ಗುಳಿ. ಅವರ ಅಪ್ಪನಿಗೂ ಹಾಗೆಯೇ, ಅಜ್ಜಿಗೂ ಹಾಗೆಯೇ. ಅತ್ತೆಗೆ ನಗು ಬಂದರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು. ಹಾಲುಹಲ್ಲಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಎರಡನೆಯ ಹಲ್ಲು ಬಂದಾಗಲೇ ಕೇಡು ಎನ್ನುತ್ತಿದ್ದರು. ಅವರ ಮಗಳು ನನ್ನ ಓರಗೆಯವಳು. ಅವಳ ಹಾಲುಹಲ್ಲು ಅಲುಗಾಡತೊಡಗಿದಾಗ ಅತ್ತೆಗೆ ನಿದ್ದೆ ಹಾರಿಹೋಯಿತು. ದಿನಾ ಬೆಳಿಗ್ಗೆ ಬಿಸಿಲಲ್ಲಿ ನಿಲ್ಲಿಸಿ, ಆ ಕಡೆಯವರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ, "ಬಾಯಿ ತೆಗಿ ಕಣ್ಣು" ಎನ್ನುತ್ತಿದ್ದರು.

ಮುಂದಿನ ಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿ ಸುತ್ತಿ, ಸೂರ್ಯನಿಗೆ ಕೈಮುಗಿದು, ಶೆಡ್ಡಿನ ಹೆಂಚಿನ ಮೇಲೆ ಎಸೆದರು. ಎಲ್ಲರ ಮನೆಯಲ್ಲೂ ಮಾಡುವುದೇ. ಆದರೆ ಆ ಜಾಗದಲ್ಲಿ ಬಂದ ಹಲ್ಲು ಅಪ್ಪಟ ಬಿಳಿ. ಅಂದು ಅತ್ತೆ ಸೆರಗು ಮರೆತು ನಕ್ಕರು. ಯಾಕೋ ಆ ನಗು ನೋಡಿ ನನಗೆ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಅವಳು ಅಮ್ಮನಿಗೆ ಕಾಫಿ ಕೊಡಲು ಶೆಡ್ಡಿನೊಳಗೆ ಹೋದಳು. ನಾನು ಬಾಗಿಲಲ್ಲಿದ್ದೆ. ಮಗ್ಗದ ಸದ್ದು ಒಮ್ಮೆಲೇ ಬದಲಾಯಿತು. ಲಾಳಿ ಹಾರಿಬಂದು ಅವಳ ಬಾಯಿಗೆ ಬಡಿಯಿತು. ಆ ಬಿಳಿ ಹಲ್ಲು ಬೇರುಸಮೇತ ನೆಲದ ಮೇಲಿತ್ತು, ಒಂದು ಬಿರುಕೂ ಇರಲಿಲ್ಲ.

ಅತ್ತೆ ಅಳಲಿಲ್ಲ. ಮಗಳ ರಕ್ತ ಒರೆಸಿ ಸಗಣಿ ತಂದರು. "ಹೋದ ಸಲ ಹಿಂಗ್ ಮಾಡಿದ್ಕೇ ಬೆಳ್ಳಗೆ ಬಂತು. ಇದೂ ಬತ್ತದೆ, ಅಳ್ಬೇಡ ಕಣ್ಣು" ಎಂದರು. ಸಗಣಿಯುಂಡೆ ಹೆಂಚಿನ ಮೇಲೆ ಬಿದ್ದ ಮೆತ್ತನೆಯ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಮತ್ತೆ ದಿನಾ ಬಾಯಿ ತೆಗೆಸುವುದು ಶುರುವಾಯಿತು. ಅಕ್ಕಪಕ್ಕದ ಹಲ್ಲುಗಳು ಬೆಳ್ಳಗೆ ಬಂದವು, ಆ ಜಾಗ ಮಾತ್ರ ಖಾಲಿ. ಕೊನೆಗೆ ಕೊಯಮತ್ತೂರಿನ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರು. ಜೊತೆಗೆ ನಾನೂ ಹೋಗಿದ್ದೆ.

"ವಿಳುಂದ ಪಲ್ಲು ಎಂಗಮ್ಮಾ?" ಎಂದು ಡಾಕ್ಟರು ಕೇಳಿದರು. ಬಿದ್ದ ಹಲ್ಲು ಎಲ್ಲಿ... ಮೂರನೆಯ ಸಲ ಹಲ್ಲು ಹುಟ್ಟುವುದಿಲ್ಲ, ಆಗಲೇ ಹಾಲಿನಲ್ಲಿಟ್ಟು ತಂದಿದ್ದರೆ ಅದನ್ನೇ ಕೂರಿಸಲು ನೋಡಬಹುದಿತ್ತು ಎಂದರು.

ಅತ್ತೆ ಮನೆಗೆ ಬಂದವರೇ ಏಣಿ ಹಾಕಿ ಶೆಡ್ಡಿನ ಮೇಲೆ ಹತ್ತಿ ಹೆಂಚುಗಳ ಸಂದಿಯಲ್ಲಿ ತಡಕಾಡತೊಡಗಿದರು. ಕೆಳಗೆ ನಿಂತು ಮಗಳು ಕರೆಯುತ್ತಿದ್ದಳು, "ಇಳೀಮ್ಮಾ... ನಂಗೆ ಬ್ಯಾಡ."

ಅವಳೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗಲು ಕಲಿತಳು, ಥೇಟ್ ಅಮ್ಮನಂತೆ. ಬಿಳಿ ಹಲ್ಲುಗಳೆಲ್ಲ ಆ ಕೈಯ ಹಿಂದೆಯೇ ಉಳಿದವು.

ತಂಗಿಯ ಮಗನ ಹಲ್ಲು ಕೂತಿತು. ಹಾಲಿಗೆ ಹಾಕಬೇಕೆಂದು ಯಾರು ಹೇಳಿಕೊಟ್ಟರು ಎಂದು ಡಾಕ್ಟರು ಕೇಳಿದರು. ಪಕ್ಕದ ಮನೆಯ ಅತ್ತೆ ಎಂದೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಇದ್ದಿದ್ದರೂ, ಈ ಹುಡುಗನನ್ನು ಅವರೆದುರು ನಿಲ್ಲಿಸಿ ನಗು ಎನ್ನುವ ಧೈರ್ಯ ನನಗಿರುತ್ತಿರಲಿಲ್ಲ.