ಒಲೆ ಹಚ್ಚುವ ಮೊದಲೇ ಕುದಿದ ನೀರು

ಮಡಂತ್ಯಾರು ಪೇಟೆ ದಾಟಿ ಬೆಳ್ತಂಗಡಿ ಕಡೆಗೆ ಸ್ವಲ್ಪ ಹೋದರೆ ಎಡಕ್ಕೆ ಒಂದು ಮಣ್ಣಿನ ಮಾರ್ಗ ಇಳಿಯುತ್ತದೆ. ಆ ಮಾರ್ಗದ ಕೊನೆಯ ಮನೆಯ ಲೋಲಾಕ್ಷಿಯನ್ನು ಎಂಬತ್ತನೇ ಇಸವಿಯ ಆಚೀಚೆ ಊರವರು ‘ಟ್ರಾಕ್ಟರ್ ಲೋಲಕ್ಕ’ ಎಂದೇ ಕರೆಯುತ್ತಿದ್ದರು. ಆಕೆ ಟ್ರಾಕ್ಟರ್ ಓಡಿಸಿದವಳಲ್ಲ. ಗಂಡ ಕಮಲಾಕ್ಷ ಬಹರೈನಿಗೆ ಹೊರಡುವ ಮೊದಲು ಹಳೆಯ ಟ್ರಾಕ್ಟರೊಂದನ್ನು ತೆಗೆದುಕೊಟ್ಟು, "ತಮ್ಮ ಉಂಟಲ್ಲ, ನೋಡಿಕೊಳ್ತಾನೆ" ಎಂದು ಹೇಳಿ ಹೋಗಿದ್ದ. ತಮ್ಮ ಸುಧಾಕರನಿಗೆ ಬಂಟ್ವಾಳದ ಹೋಟೆಲಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ನೋಡಿಕೊಂಡದ್ದು ಲೋಲಾಕ್ಷಿಯೇ. ಯಾರ ಗದ್ದೆ ಮೊದಲು ಉಳಬೇಕು, ಯಾರ ಮನೆಗೆ ಕೆಂಪುಕಲ್ಲು ಮೊದಲು ಮುಟ್ಟಬೇಕು, ಇಂಜಿನಿನ ಎಣ್ಣೆ ಯಾವಾಗ ಬದಲಿಸಬೇಕು, ಎಲ್ಲ ಅವಳ ತಲೆಯಲ್ಲೇ. ಮೊದಮೊದಲು ಬಾಡಿಗೆಗೆ ಹೇಳಲು ಬಂದವರು ಅಂಗಳದಲ್ಲೇ ನಿಂತು "ಗಂಡಸರು ಯಾರೂ ಇಲ್ಲವಾ?" ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದು ತಾನಾಗಿ ನಿಂತಿತು.

ಆ ವರ್ಷ ಮಳೆ ಬಿಟ್ಟು ಕಲ್ಲಿನ ಕೋರೆ ಶುರುವಾದ ಸಮಯಕ್ಕೆ ಟ್ರಾಕ್ಟರಿನ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಡ್ರೈವರ್ ಅಬೂಬಕ್ಕರ್ ಹದದ ಮನುಷ್ಯ, ಗಡ್ಡ ಹಣ್ಣಾದವರು. ಕಲ್ಲು ಹೇರಿ ಹೊರಟರೆ ತಿರುವಿಗೊಮ್ಮೆ ನಿಲ್ಲಿಸಿ, ತಣಿಯಲು ಬಿಟ್ಟು, ನೀರು ಹೊಯ್ದು ಮುಂದೆ ಹೋಗುತ್ತಿದ್ದರು. ಕೋರೆಯವರಿಗೆ ತಮಾಷೆ: "ಏನು ಅಬೂಬಕ್ಕರಾಕ, ಬಸುರಿ ಹೆಂಗಸನ್ನು ಕರಕೊಂಡು ಹೋದ ಹಾಗೆ ಹೋಗ್ತೀರಿ!" ರೇಡಿಯೇಟರ್ ತೊಳೆಸಿ ಆಯಿತು, ಫ್ಯಾನಿನ ಬೆಲ್ಟು ಬದಲಿಸಿ ಆಯಿತು. ಮುಳ್ಳು ಅಲುಗಲಿಲ್ಲ. ಸುಧಾಕರ ಯಾರೋ ಮೆಕ್ಯಾನಿಕ್‌ನನ್ನು ಕೇಳಿಕೊಂಡು ಬಂದ.

"ಅತ್ತಿಗೆ, ಇಂಜಿನ್ ಒಳಗಿಂದ ಹೋಗಿರಬೇಕಂತೆ. ಜಾಮ್ ಆಗಿ ನಿಂತರೆ ಗುಜರಿಯವನೂ ಮುಟ್ಟಲಿಕ್ಕಿಲ್ಲ. ಓಡುವಾಗಲೇ ಕೊಟ್ಟುಬಿಡುವ. ಮೂಡಬಿದ್ರೆಯ ತಿರುಮಲೇಶ್ವರ ಭಟ್ಟರು ಆದಿತ್ಯವಾರ ನೋಡಲಿಕ್ಕೆ ಬರ್ತಾರೆ."

ಲೋಲಾಕ್ಷಿ ಹೂಂ ಅಂದಳು. ಬೇಡ ಅನ್ನಲು ಅವಳ ಹತ್ತಿರ ಕಾರಣ ಇರಲಿಲ್ಲ. ಆದರೆ ಅಂದಿನಿಂದ ಬಟ್ಟಲಿನ ಗಂಜಿಯನ್ನು ಅರ್ಧದಲ್ಲೇ ಬಿಟ್ಟು ಏಳುತ್ತಿದ್ದಳು. ಟ್ರಾಕ್ಟರ್ ಹೋದರೆ ಊರಿನಲ್ಲಿ ತಾನು ಮತ್ತೆ ಬಹರೈನಿನವನ ಹೆಂಡತಿ, ಅಷ್ಟೇ. ಟ್ರಾಕ್ಟರ್ ಲೋಲಕ್ಕ ಅಲ್ಲ.

ಆದಿತ್ಯವಾರ ಬೆಳಿಗ್ಗೆ ಸುಧಾಕರ ಬೇಗನೆ ಬಂದು ಟ್ರಾಕ್ಟರನ್ನು ಅಂಗಳಕ್ಕೆ ದೂಡಿಸಿ ತೊಳೆಸಿದ. ಅದನ್ನು ಯಾವಾಗಲೂ ನಿಲ್ಲಿಸುತ್ತಿದ್ದದ್ದು ಮೇಲಿನ ಇಳಿಜಾರಿನಲ್ಲಿ. ಬ್ಯಾಟರಿ ಉಳಿಯಲೆಂದು ಅಬೂಬಕ್ಕರ್ ಕೀ ತಿರುಗಿಸಿ ಬ್ರೇಕ್ ಬಿಟ್ಟು ಉರುಳಿಸಿಯೇ ಸ್ಟಾರ್ಟ್ ಮಾಡುತ್ತಿದ್ದರು. ಉರುಳುವಾಗ ಕಣ್ಣು ಮಾರ್ಗದ ಮೇಲೆ, ಮೀಟರ್ ನೋಡುವುದು ಗುಡ್ಡದ ಬುಡ ಮುಟ್ಟಿದ ಮೇಲೆ. ಈ ದಿನ ಅಂಗಳ ಸಮತಟ್ಟು. ಹಾರ್ನ್ ಆಗ್ತದಾ ನೋಡಲು ಅಬೂಬಕ್ಕರ್ ಬರೀ ಕೀ ತಿರುಗಿಸಿದರು. ಲೋಲಾಕ್ಷಿ ಹತ್ತಿರವೇ ನಿಂತು ಮೀಟರಿನ ಗಾಜು ಒರೆಸುತ್ತಿದ್ದಳು. ಮುಳ್ಳು ಅವಳ ಬಟ್ಟೆಯ ಅಡಿಯಲ್ಲೇ ಜಿಗಿದು ಕೆಂಪಿಗೆ ಹೋಯಿತು.

"ಅಬೂಬಕ್ಕರೇ, ಇಂಜಿನ್ ಸ್ಟಾರ್ಟ್ ಆಗಿದೆಯಾ?"

"ಎಲ್ಲಿಂದ ಅಕ್ಕ? ನಿನ್ನೆ ಮಧ್ಯಾಹ್ನ ಬಂದ್ ಮಾಡಿದ್ದು."

ಅವಳು ಇಂಜಿನಿನ ಮೇಲೆ ಅಂಗೈ ಇಟ್ಟಳು. ಬಾವಿಯ ಕಲ್ಲಿನ ಹಾಗೆ ತಣ್ಣಗೆ. "ಒಲೆ ಹಚ್ಚುವ ಮೊದಲೇ ನೀರು ಕುದಿಯುವುದುಂಟಾ?"

ಅಬೂಬಕ್ಕರ್ ಕೀ ಬಂದ್ ಮಾಡಿ ಮತ್ತೆ ತಿರುಗಿಸಿದರು. ಮತ್ತೆ ಕೆಂಪು. "ಪಡೆದ ದೇವರೇ! ಇಷ್ಟು ದಿನ ಇದು ನನ್ನನ್ನು ಕುಣಿಸಿತಾ?"

"ಮೀಟರ್ ಹಾಳಾಗಿರಬಹುದು, ಅದರಿಂದ ಇಂಜಿನ್ ಸರಿ ಉಂಟು ಅಂತ ಆಗ್ಲಿಕ್ಕಿಲ್ಲ ಅತ್ತಿಗೆ" ಎಂದ ಸುಧಾಕರ. ಅದೂ ಸುಳ್ಳಲ್ಲ. ಹಾಗಾಗಿ ಒಂದೊಂದೇ ನೋಡಲು ಹೊರಟರು.

ಇಂಜಿನಿನ ತಲೆಯ ಹತ್ತಿರ ನೀರಿನ ಬಿಸಿ ಹಿಡಿಯುವ ಒಂದು ಹಿತ್ತಾಳೆಯ ತುಂಡು ಉಂಟು. ಅಲ್ಲಿಂದ ಮೀಟರಿಗೆ ಒಂದೇ ವಯರು. ಅಬೂಬಕ್ಕರ್ ತುಂಡಿನಿಂದ ವಯರು ಬಿಚ್ಚಿದರು. ಮುಳ್ಳು ಕೆಳಗೆ ಬೀಳಬೇಕಿತ್ತು, ಬೀಳಲಿಲ್ಲ. "ಹಾಗಾದರೆ ತುಂಡಿನದ್ದಲ್ಲ ಅಕ್ಕ, ವಯರು ನಡುವೆ ಎಲ್ಲೋ ಕಬ್ಬಿಣಕ್ಕೆ ತಾಗ್ತಾ ಉಂಟು." ಲೋಲಾಕ್ಷಿ ಮೀಟರಿನ ಕಡೆಯಿಂದ ಶುರು ಮಾಡಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ವಯರಿನ ಮೇಲೆ ಬೆರಳು ಎಳೆಯುತ್ತಾ ಬಂದಳು. ಬಾನೆಟ್ಟಿನ ಅಡಿಯಲ್ಲಿ ಬೆರಳಿಗೆ ಏನೋ ಚುಚ್ಚಿತು. ತುಕ್ಕು ಹಿಡಿದ ಕಟ್ಟುತಂತಿಯ ಗಂಟು. ಅದು ವಯರನ್ನೂ ಬಾನೆಟ್ಟಿನ ಕಬ್ಬಿಣಕ್ಕೆ ಸೇರಿಸಿ ಬಿಗಿದಿತ್ತು, ಮೇಲಿನ ರಬ್ಬರು ಸವೆದು ತಾಮ್ರ ಹೊಳೆಯುತ್ತಿತ್ತು.

"ಈ ತಂತಿ ಯಾರು ಕಟ್ಟಿದ್ದು?" ಎಂದಳು.

ಅಬೂಬಕ್ಕರ್ ಆಕಾಶ ನೋಡಿದರು. ಸುಧಾಕರ ಕೆಮ್ಮಿದ. ಆಯುಧಪೂಜೆಯ ದಿನ ಟ್ರಾಕ್ಟರಿನ ಮುಂದೆ ಬಾಳೆಗಿಡ ಕಟ್ಟಿದವನು ಅವನೇ.

"ಬಾಳೆನಾರು ಸಾಕು ಅಂತ ಹೇಳಿದ್ದೆನಲ್ಲ ಮಾರಾಯ!" ಎಂದಳು ಲೋಲಾಕ್ಷಿ.

"ಹೋದ ವರ್ಷ ನಾರಿನಲ್ಲಿ ಕಟ್ಟಿ, ಗಿಡ ಪೇಟೆಯ ನಡುವೆ ಬಿದ್ದು, ದನ ತಿಂದದ್ದು ಮರೆತುಹೋಯ್ತಾ? ಎಲ್ಲರೂ ನಗಾಡಿದ್ದು ನನ್ನನ್ನು."

"ದನ ತಿಂದದ್ದು ಗಿಡ ಮಾತ್ರ. ನೀನು ಇಡೀ ಟ್ರಾಕ್ಟರನ್ನೇ ತಿನ್ನಿಸ್ಲಿಕ್ಕೆ ಹೊರಟಿದ್ದಿ."

ಇಕ್ಕುಳದಿಂದ ತಂತಿ ಕತ್ತರಿಸಿದ್ದೇ ತಡ, ಮುಳ್ಳು ಸೊಯ್ಯನೆ ಕೆಳಗಿಳಿಯಿತು. ಅಬೂಬಕ್ಕರ್ ವಯರು ಸವೆದ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು. ಸುಧಾಕರ "ಆಯಿತಲ್ಲ" ಎಂದ. ಲೋಲಾಕ್ಷಿಗೆ ಆಗಲಿಲ್ಲ.

"ಇಷ್ಟು ದಿನ ತಣ್ಣಗಿದ್ದದ್ದನ್ನು ಬಿಸಿ ಅಂದಿತು. ನಾಳೆ ಬಿಸಿಯಾದದ್ದನ್ನು ತಣ್ಣಗೆ ಅಂದರೆ?"

ಹಿತ್ತಾಳೆಯ ತುಂಡನ್ನು ಬಿಚ್ಚಿ ತೂತಿಗೆ ಬಟ್ಟೆ ತುರುಕಿದರು. ತುಂಡಿಗೆ ಅದರ ವಯರು ಸೇರಿಸಿ, ಅದರ ಮೈಯಿಂದ ಇಂಜಿನಿನ ಕಬ್ಬಿಣಕ್ಕೆ ಇನ್ನೊಂದು ತುಂಡು ವಯರು ಕಟ್ಟಿದರು. ಲೋಲಾಕ್ಷಿ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ನೀರಿನ ಪಾತ್ರೆಯನ್ನು ಹಾಗೆಯೇ ತಂದು ಹಿಡಿದಳು. ತುಂಡನ್ನು ಅದರಲ್ಲಿ ಅದ್ದಿದಾಗ ಮುಳ್ಳು ನಿಧಾನವಾಗಿ ಏರಿ ಕೆಂಪಿನಲ್ಲಿ ನಿಂತಿತು. ತಣ್ಣೀರು ಬೆರೆಸಿದಾಗ ಅಷ್ಟೇ ನಿಧಾನವಾಗಿ ಇಳಿಯಿತು. ಆಗ ಅವಳು "ಹೂಂ, ಇನ್ನು ಹಾಕಿ" ಅಂದಳು.

ತುಂಡು ಕೂರಿಸಿ, ನೀರು ತುಂಬಿಸಿ, ಕೋರೆಗೆ ಹೋಗಿ ಪೂರ್ತಿ ಲೋಡು ಹೇರಿಕೊಂಡು ಅಬೂಬಕ್ಕರ್ ಏರು ಹತ್ತಿಸಿ ತಂದರು. ಒಂದು ಕಡೆಯೂ ನಿಲ್ಲಿಸಲಿಲ್ಲ. ಅಂಗಳಕ್ಕೆ ಬರುವಾಗ ಮುಳ್ಳು ನಡುವಿನಲ್ಲಿ, ಅಬೂಬಕ್ಕರ್ ಬಾಯಿ ಕಿವಿಯವರೆಗೆ. "ಇಂಜಿನಿಗೆ ಏನೂ ಆಗಲಿಲ್ಲ ಅಕ್ಕ. ಏನೂ ಇಲ್ಲ!" ಲೋಲಾಕ್ಷಿ ಜಗಲಿಯಲ್ಲಿ ಕೂತಳು.

ಅಷ್ಟು ಹೊತ್ತಿಗೆ ಬಸ್ಸಿಳಿದು ನಡೆದು ಬಂದ ತಿರುಮಲೇಶ್ವರ ಭಟ್ಟರು ಕೊಡೆ ಮಡಚುತ್ತಾ, "ಇದೇಯಾ ಆ ಬಿಸಿಯಾಗುವ ಟ್ರಾಕ್ಟರು?" ಎಂದರು.

ಸುಧಾಕರ ಅತ್ತಿಗೆಯ ಮುಖ ನೋಡಿದ. ಅವಳು ಎದ್ದು ಬೆಲ್ಲ, ನೀರು ತಂದಿಟ್ಟಳು.

"ಭಟ್ರೇ, ನಿಮ್ಮನ್ನು ಅಷ್ಟು ದೂರದಿಂದ ಬರಿಸಿದ್ದಕ್ಕೆ ಬೇಸರ ಮಾಡಬೇಡಿ. ಕೊಡುವುದಿಲ್ಲ. ಬಿಸಿಯಾದದ್ದು ಇದಲ್ಲ, ನಮ್ಮ ತಲೆ."

ಭಟ್ಟರು ಇಂಜಿನಿನ ಶಬ್ದಕ್ಕೆ ಸ್ವಲ್ಪ ಹೊತ್ತು ಕಿವಿ ಕೊಟ್ಟರು. "ನನ್ನದಾಗಿದ್ದರೆ ನನಗೂ ಕೊಡ್ಲಿಕ್ಕೆ ಮನಸ್ಸು ಬರ್ತಿರಲಿಲ್ಲ" ಎಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು. "ಆದರೆ ಈಗ ಬಸ್ಸಿಲ್ಲವಲ್ಲ?"

"ಕಲ್ಲು ಪೇಟೆಯ ಕಡೆಗೇ ಹೋಗುವುದು, ಹತ್ತಿ" ಎಂದರು ಅಬೂಬಕ್ಕರ್. ಕೊಳ್ಳಲು ಬಂದ ಭಟ್ಟರು ಮಡ್ಗಾರ್ಡಿನ ಮೇಲೆ ಕೂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಜುಟ್ಟು ಹಿಡಿದುಕೊಂಡು ಏರು ಹತ್ತಿದರು. ಲೋಲಾಕ್ಷಿ ಒಳಗೆ ಹೋಗಿ ಗಂಜಿ ಬಡಿಸಿಕೊಂಡಳು, ಎರಡನೆಯ ಸಲವೂ ಬಡಿಸಿಕೊಂಡಳು.